ಒಂದೇ ಕೈಯಲ್ಲಿ ಓಡಿದ ಗಾಡಿ

ಮೊನ್ನೆ ಭಾನುವಾರ ಬೆಳಿಗ್ಗೆ ತುಮಕೂರಿನ ಮರಳೂರಿನಲ್ಲಿರುವ ನಮ್ಮ ಬೀದಿ ತುದಿಯ ದಿನಸಿ ಅಂಗಡಿಗೆ ಬೆಲ್ಲ ತರಲು ಹೋಗಿದ್ದೆ. ಅಂಗಡಿ ಮುಂದೆ ನಿಂತಿದ್ದ ಕೆಂಪು ಕಾರಿನ ಹಿಂದಿನ ಗಾಜಿಗೆ ಒಂದು ಬಿಳಿ ಹಾಳೆ ಅಂಟಿಸಿದ್ದರು. ದಪ್ಪ ಅಕ್ಷರದಲ್ಲಿ 'ಮಾರಾಟಕ್ಕಿದೆ', ಅದರ ಕೆಳಗೆ 'ಒಂದೇ ಕೈಯಲ್ಲಿ ಓಡಿದ ಗಾಡಿ'. ನಾನು ನಿಂತಲ್ಲೇ ಜೋರಾಗಿ ನಕ್ಕುಬಿಟ್ಟೆ. ಅಂಗಡಿಯವನು ಬೆಲ್ಲದ ಅಚ್ಚನ್ನು ಕೈಯಲ್ಲೇ ಹಿಡಿದು, "ಯಾಕಕ್ಕಾ, ಸ್ಪೆಲ್ಲಿಂಗ್ ತಪ್ಪಾಗೈತಾ?" ಅಂದ. ಸ್ಪೆಲ್ಲಿಂಗ್ ಸರಿಯಾಗಿಯೇ ಇತ್ತು. ಅವನಿಗೆ ಕಥೆಯೆಲ್ಲ ಹೇಳುವಷ್ಟು ಹೊತ್ತಿರಲಿಲ್ಲ, ಹಾಗಾಗಿ ನಿಮಗೆ ಹೇಳುತ್ತೇನೆ.

ಹಳೇ ಕಾರುಗಳ ವ್ಯಾಪಾರದಲ್ಲಿ ಓಡಾಡಿದವರಿಗೆ ಈ ಮಾತಿನ ಅರ್ಥ ಗೊತ್ತು. ಕೊಂಡಂದಿನಿಂದ ಒಬ್ಬರೇ ಓಡಿಸಿದ್ದಾರೆ, ಗಾಡಿ ಕಂಡಕಂಡವರ ಕೈ ಸೇರಿಲ್ಲ ಎಂದರ್ಥ. ಶಾಲೆ ಬಿಡುವ ಮಕ್ಕಳಿಗೆ ಕೊಡುತ್ತಾರಲ್ಲ, ನಡತೆ ಉತ್ತಮ ಅಂತ, ಹಾಗೆ ಗಾಡಿಗೆ ಇದೊಂದು ಸರ್ಟಿಫಿಕೇಟು. ನಮ್ಮ ಅತ್ತೆಗೆ ಆ ವ್ಯಾಪಾರದ ಗಂಧಗಾಳಿ ಇರಲಿಲ್ಲ. ಅವರು ಕನ್ನಡವನ್ನು ಕನ್ನಡದ ಹಾಗೇ ಕೇಳಿಸಿಕೊಳ್ಳುವವರು. ಕೈ ಎಂದರೆ ಕೈ, ಒಂದು ಎಂದರೆ ಒಂದು.

ಹೀಗೆ ಕೇಳಿಸಿಕೊಳ್ಳಲು ಅವರಿಗೆ ಒಂದು ಕಾರಣವೂ ಇತ್ತು. ನನ್ನ ಮಗಳು ಸಿಂಚನಳ ಎಡಗೈ ಹುಟ್ಟುವಾಗಲೇ ಪೆಟ್ಟು ತಿಂದದ್ದು. ಹೆರಿಗೆ ಕಷ್ಟವಾಯಿತು, ಭುಜದ ನರ ಎಳೆದುಹೋಗಿದೆ ಅಂದರು. ಬೆರಳು ಆಡುತ್ತವೆ, ಆದರೆ ಕೈ ಭುಜದ ಮೇಲಕ್ಕೆ ಏಳುವುದಿಲ್ಲ, ಹಿಡಿತದಲ್ಲಿ ಬಲವಿಲ್ಲ. ಹಾಗಂತ ಅವಳು ಯಾವ ಕೆಲಸದಲ್ಲೂ ಹಿಂದೆ ಬಿದ್ದವಳಲ್ಲ. ಎರಡು ಕೈಯೂ ನೆಟ್ಟಗಿರುವ ನಾನು ಹಾಲಿನ ಪ್ಯಾಕೆಟ್ ಕತ್ತರಿಸಿದರೆ ಕಟ್ಟೆಯ ಮೇಲೆಲ್ಲ ಹಾಲು. ಅವಳು ಪ್ಯಾಕೆಟ್ಟನ್ನು ಪಾತ್ರೆಯೊಳಗೆ ನಿಲ್ಲಿಸಿ, ಒಂದೇ ಕೈಯಲ್ಲಿ ಕತ್ತರಿ ಹಿಡಿದು, ಒಂದು ಹನಿಯೂ ಚೆಲ್ಲದಂತೆ ಬಗ್ಗಿಸುತ್ತಾಳೆ. ಜಡೆ ಹಾಕಿಕೊಳ್ಳುವುದೊಂದು ಅವಳಿಗೆ ಆಗುತ್ತಿರಲಿಲ್ಲ, ಅದು ನನ್ನ ಪಾಲಿನ ಕೆಲಸ. ಹೈಸ್ಕೂಲಿಗೆ ಬಂದ ಮೇಲೆ ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿಕೊಂಡು ಆ ಕೆಲಸವನ್ನೂ ನನ್ನಿಂದ ಕಿತ್ತುಕೊಂಡಳು.

ಪಿಯುಸಿ ಮುಗಿಸಿ ಗುಬ್ಬಿ ರಸ್ತೆಯಲ್ಲಿರುವ ಒಂದು ಕಾಲೇಜಿಗೆ ಸೇರಿದಳು. ಬೆಳಗಿನ ಬಸ್ಸು ನೀವು ನೋಡಿರಬಹುದು. ಕಂಡಕ್ಟರ್ "ಒಳಗೋಗ್ರೀ, ಒಳಗೋಗ್ರೀ" ಎನ್ನುತ್ತಲೇ ಇರುತ್ತಾನೆ, ಒಳಗೆ ಮಾತ್ರ ಜಾಗವೆಂಬುದು ಇರುವುದಿಲ್ಲ. ಇವಳು ಬಲಗೈಯಲ್ಲಿ ಕಂಬಿ ಹಿಡಿದರೆ ಬ್ಯಾಗು ಜಾರುತ್ತದೆ, ಬ್ಯಾಗು ಹಿಡಿದರೆ ಕಂಬಿ ತಪ್ಪುತ್ತದೆ. ಒಂದು ದಿನ ಬಸ್ಸು ಗಕ್ಕನೆ ನಿಂತಾಗ ಮೆಟ್ಟಿಲಿನ ಮೇಲೆ ಮುಗ್ಗರಿಸಿ ಬಿದ್ದಳು. ಗದ್ದಕ್ಕೆ ಹೊಲಿಗೆ ಬಿತ್ತು. ಗಾಯ ಬೇಗ ಮಾಯಿತು. ಆದರೆ ಹೊಲಿಗೆ ಬಿಚ್ಚಿಸಿಕೊಂಡು ಬಂದ ದಿನ ಊಟಕ್ಕೆ ಕೂತಾಗ ಅವಳು, "ಅಮ್ಮಾ, ಮನೇಲೇ ಕೂತು ಓದೋ ಕೋರ್ಸ್ ಇದ್ಯಂತೆ. ಅದನ್ನೇ ಮಾಡ್ತೀನಿ" ಅಂದಳು. ಅಳುತ್ತ ಹೇಳಿದ್ದರೆ ಸಮಾಧಾನ ಮಾಡುತ್ತಿದ್ದೆ. ಸಾರು ಬಡಿಸು ಎನ್ನುವಷ್ಟು ಸಲೀಸಾಗಿ ಹೇಳಿದಳು. ಅವಳು ಬಿದ್ದಾಗ ನನಗೆ ಅಷ್ಟು ಹೆದರಿಕೆ ಆಗಿರಲಿಲ್ಲ. ಹದಿನೆಂಟರ ಹುಡುಗಿ ಲೋಕವೇ ಸಾಕು ಅಂತ ಬಾಗಿಲು ಹಾಕಿಕೊಳ್ಳಲು ಹೊರಟಿದ್ದಳು.

ಸ್ಕೂಟರು ಆಗದ ಮಾತು. ಉಳಿದದ್ದು ಕಾರು. ನಮ್ಮ ಯಜಮಾನರಿಗೆ ಹೇಳಿದೆ. ಅವರು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್, ಮನೆಯಲ್ಲಿ ಅವರ ಬಾಯಿಂದ ಬರುವ ಮುಖ್ಯ ಆದೇಶ 'ನೋಡೋಣ'. ಮದುವೆಯಾದಂದಿನಿಂದ ಆ ಮಾತಿನ ಒಳಗಿನ ಹೌದು-ಇಲ್ಲಗಳನ್ನು ಗುರುತು ಹಿಡಿಯಲು ಕಲಿತಿದ್ದೇನೆ. ಈ ಸಲದ 'ನೋಡೋಣ' ಹೌದು ಜಾತಿಯದು.

ನಮ್ಮ ಕಾರುಗಳಲ್ಲಿ ಗೇರು ಇರುವುದು ಎಡಗೈಗೆ ಎಂಬುದು ಅಲ್ಲಿಯವರೆಗೆ ನನ್ನ ತಲೆಗೇ ಬಂದಿರಲಿಲ್ಲ. ಇವಳಿಗೆ ಬೇಕಾದದ್ದು ಗೇರು ಹಾಕುವ ಗೋಜಿಲ್ಲದ ಆಟೋಮ್ಯಾಟಿಕ್ ಗಾಡಿ. ತುಮಕೂರಿನಲ್ಲಿ ಹುಡುಕಿದ ಮೇಲೆ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಅಂಥದ್ದು ಸಿಕ್ಕಿತು, ಕಲಿತಳು. ಡಾಕ್ಟರ ಸರ್ಟಿಫಿಕೇಟು, ಆರ್‌ಟಿಒ ಕಚೇರಿಯ ಓಡಾಟ, ಅಲ್ಲಿನ ಪರೀಕ್ಷೆ, ಎಲ್ಲವನ್ನೂ ದಾಟಿ ಲೈಸೆನ್ಸೂ ಬಂತು. ಕಾರು ಮಾತ್ರ ಬರಲಿಲ್ಲ. ಬಿ.ಎಚ್. ರಸ್ತೆಯ ಹಳೇ ಕಾರಿನ ಅಂಗಡಿಗಳಿಗೆ ಹೋಗಿ ಆಟೋಮ್ಯಾಟಿಕ್ ಎಂದರೆ, "ಅಯ್ಯೋ, ಬೆಂಗ್ಳೂರಲ್ಲಿ ನೋಡ್ಬಿಡಿ ಮೇಡಂ" ಅನ್ನುತ್ತಿದ್ದರು. ಇದ್ದ ಒಂದೋ ಎರಡೋ ನಮ್ಮ ಕೈಗೆ ಎಟುಕುವಂತಿರಲಿಲ್ಲ, ಎಟುಕಿದ್ದು ನಂಬುವಂತಿರಲಿಲ್ಲ.

ಆ ದಿನಗಳಲ್ಲಿ ನಾನು ಕಲಿತ ವಿದ್ಯೆ ಕೇಳಿ. ಕಾರಿನೊಳಗೆ ಮಲ್ಲಿಗೆ ಸೆಂಟು ಘಮ್ಮೆಂದರೆ ಮೊದಲು ಕಾಲಡಿಯ ಚಾಪೆ ಎತ್ತಿ ಮೂಸಬೇಕು, ಕೆಳಗೆ ಮುಗ್ಗಲು ವಾಸನೆ ಇದ್ದರೆ ಅದು ನೀರಲ್ಲಿ ಮುಳುಗಿ ಎದ್ದ ಗಾಡಿ. ಮೀಟರು ಕಡಿಮೆ ಓಡಿದೆ ಎಂದು ತೋರಿಸಿ ಬ್ರೇಕ್ ಪೆಡಲಿನ ರಬ್ಬರು ಸವೆದು ನುಣ್ಣಗಾಗಿದ್ದರೆ ಮೀಟರು ಸುಳ್ಳು ಹೇಳುತ್ತಿದೆ. ನಾವು ಬರುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ, ತಣ್ಣಗಿದ್ದಾಗ ಅದು ಕೆಮ್ಮುತ್ತದೆ ಎಂದರ್ಥ. ಸಹಕಾರ ಸಂಘದ ಕಚೇರಿಯಲ್ಲಿ ಫೈಲು ನೋಡುವ ನಾನು ಕಂಡಕಂಡ ಕಾರಿನ ಚಾಪೆ ಎತ್ತಿ ಮೂಸುವುದನ್ನು ನೋಡಿ ಸಿಂಚನ, "ಅಮ್ಮಾ, ಜನ ನೋಡ್ತಾವ್ರೆ" ಎಂದು ದೂರ ಹೋಗಿ ನಿಲ್ಲುತ್ತಿದ್ದಳು. ಒಂದೆರಡು ತಿಂಗಳಲ್ಲಿ ಅವಳು ಬರುವುದನ್ನೇ ಬಿಟ್ಟಳು. "ನೀವೇ ನೋಡ್ಕೊಂಬನ್ನಿ" ಅನ್ನುವಳು. ಮನೆಯಲ್ಲೇ ಓದುವ ಕೋರ್ಸಿನ ಅರ್ಜಿ ಹಾಕಲು ಆ ತಿಂಗಳು ಕೊನೆ ಎಂದು ಒಮ್ಮೆ ನೆನಪಿಸಿದಳು.

ಇಷ್ಟರಲ್ಲಿ ಕುಣಿಗಲ್ ಹತ್ತಿರದ ಕೊತ್ತಗೆರೆಯಿಂದ ಅತ್ತೆಯ ಫೋನು ಬಂತು. ಅವರು ಅಲ್ಲಿ ನನ್ನ ಮೈದುನನ ಸಂಸಾರದ ಜೊತೆಗಿದ್ದಾರೆ. ತೆಂಗಿನ ತೋಟದ ಯಜಮಾನಿಕೆ ಈಗಲೂ ಅವರದೇ. ಫೋನಿನಲ್ಲಿ ಅವರು ಮಾತಾಡಿದರೆ ಫೋನೇ ಬೇಡ, ಕುಣಿಗಲ್ಲಿನಿಂದ ತುಮಕೂರಿಗೆ ನೇರವಾಗಿ ಕೇಳಿಸುತ್ತದೆ.

"ಏನಮ್ಮೀ, ಸಿಂಚೂಗೆ ಕಾರು ಸಿಕ್ತು ಕಣೇ! ಒಂದೇ ಕೈಲಿ ಓಡ್ಸೋ ಕಾರು!"

"ಎಲ್ಲಿ ಅತ್ತೆ? ಯಾರು ಹೇಳಿದ್ರು?"

"ನಮ್ ತೋಟದ್ ಕಾಯಿ ಕೊಳ್ಳೋ ನಂಜಪ್ಪ ಬಂದಿದ್ನಲ್ಲ, ಅವ್ನೇ ಹೇಳ್ದ. ಗುಬ್ಬೀಲಿ ಮೆಡಿಕಲ್ ಸ್ಟೋರ್ ಮಡ್ಗವ್ರಂತೆ, ಅವ್ರ್ದು. ನಾನು ಎಲೆ ಅಡಿಕೆ ಕೊಟ್ಟು ಕಳ್ಸಿದೀನಿ. ಇನ್ಯಾರ್ಗೂ ಕೊಡಂಗಿಲ್ಲ ಅವ್ರು."

ನಮ್ಮ ಕಡೆ ಎಲೆ ಅಡಿಕೆ ಎಂದರೆ ಬರೀ ಬಾಯಿ ಕೆಂಪಾಗುವ ವಿಷಯವಲ್ಲ. ಹೆಣ್ಣು ಒಪ್ಪಿದ್ದಕ್ಕೂ ಅದೇ, ಹಸು ಮಾರಿದ್ದಕ್ಕೂ ಅದೇ. ಕೊಟ್ಟವರು, ತಗೊಂಡವರು ಇಬ್ಬರೂ ಮಾತಿಗೆ ಕಟ್ಟುಬಿದ್ದಂತೆ. ಅತ್ತೆ ಗಾಡಿ ನೋಡಿಲ್ಲ, ಬೆಲೆ ಕೇಳಿಲ್ಲ, ವೀಳ್ಯ ಕೊಟ್ಟು ಮುಗಿಸಿದ್ದರು. ಇನ್ನೊಂದು ದಿನವಾದರೆ ನನಗೆ ಸಿಟ್ಟು ಬರುತ್ತಿತ್ತು. ಅವತ್ತು ಒಂದೇ ಕೈಯಲ್ಲಿ ಓಡಿಸುವ ಗಾಡಿ ಎಂದರೆ ಆಟೋಮ್ಯಾಟಿಕ್ಕೇ ಇರಬೇಕು, ಅತ್ತೆಗೆ ಆ ಹೆಸರು ಬರದೆ ಹೀಗೆ ಹೇಳುತ್ತಿದ್ದಾರೆ ಎಂದುಕೊಂಡೆ. ಸಿಂಚನಳೂ ಹಾಗೇ ಅಂದುಕೊಂಡಳು. ಎಷ್ಟೋ ದಿನದ ಮೇಲೆ, "ನಾನೂ ಬರ್ತೀನಿ" ಅಂದಳು.

ಮುಂದಿನ ಭಾನುವಾರ ಅತ್ತೆ ಕುಣಿಗಲ್ ಬಸ್ಸಿನಲ್ಲಿ ತುಮಕೂರಿಗೆ ಬಂದರು. ಒಗೆದು ಮಡಿಸಿಟ್ಟಿದ್ದ ಇಳಕಲ್ ಸೀರೆ, ಕೈಯಲ್ಲಿ ಎರಡು ತೆಂಗಿನಕಾಯಿ, ಹೆಣ್ಣು ನೋಡಲು ಹೊರಟವರ ಗತ್ತು. ಮೂರು ಜನವೂ ಗುಬ್ಬಿಗೆ ಹೋದೆವು. ಮೆಡಿಕಲ್ ಸ್ಟೋರಿನ ಶಿವಣ್ಣನವರು ಐವತ್ತು ದಾಟಿದ, ಮೆಲುದನಿಯ ಮನುಷ್ಯ. ಮನೆ ಮುಂದಿನ ನೆರಳಿನಲ್ಲಿ ಬಿಳಿ ಕಾರು ನಿಂತಿತ್ತು. ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದರೆಂದರೆ ನಾನು ಚಾಪೆ ಎತ್ತುವುದನ್ನೇ ಮರೆತೆ. "ಅಜ್ಜಿ ಎಲೆ ಅಡಿಕೆ ಕಳ್ಸಿದ್ಮೇಲೆ ಇಬ್ರು ಬಂದು ಕೇಳಿದ್ರು. ಕೊಟ್ಟಾಗೈತೆ ಅಂತ ಕಳಿಸ್ದೆ" ಎಂದು ಹೇಳುತ್ತ ಬಾಗಿಲು ತೆಗೆದರು.

ಸಿಂಚನ ಒಳಗೆ ಬಗ್ಗಿ ನೋಡಿದಳು, ನಾನೂ ನೋಡಿದೆ. ಎರಡು ಸೀಟಿನ ನಡುವೆ ಗೇರಿನ ಕೋಲು. ಕಾಲ ಹತ್ತಿರ ಕ್ಲಚ್ಚು. ಗೇರು ಹಾಕಿ ಓಡಿಸುವ ಮಾಮೂಲು ಗಾಡಿ.

ಅತ್ತೆಗೆ ಇದ್ಯಾವುದೂ ತಿಳಿಯದು. "ಎಲ್ಲಪ್ಪಾ, ಒಂದೇ ಕೈಲಿ ಓಡ್ಸೋದು ಹೆಂಗೆ ಅಂತ ಒಂದ್ಕಿತ ತೋರ್ಸು" ಅಂದರು.

ಶಿವಣ್ಣನವರು ಕಣ್ಣು ಮಿಟುಕಿಸಿದರು. "ಒಂದೇ ಕೈಲಿ ಓಡಿರೋ ಗಾಡಿ ಅಂದ್ರೆ, ತಗೊಂಡಾಗಿಂದ ನಾನೊಬ್ನೇ ಓಡ್ಸಿರೋದು ಅಂತ ಅಜ್ಜಿ."

ನಂಜಪ್ಪ ಹೇಳಿದ್ದು 'ಓಡಿರೋ'. ಅತ್ತೆ ನಮಗೆ ಮುಟ್ಟಿಸಿದ್ದು 'ಓಡ್ಸೋ'. ಅಷ್ಟೇ ವ್ಯತ್ಯಾಸ. ಆ ಒಂದು ಪದದ ಮೇಲೆ ನಾವು ಮೂರು ಜನ ಬಸ್ಸು ಹತ್ತಿ ಬಂದಿದ್ದೆವು.

ಮೊದಲು ನಕ್ಕವಳು ಸಿಂಚನ. ಕಾರಿನ ಬಾಗಿಲು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಆ ನೀರು ನಗುವಿನದೋ ಬೇರೆಯದೋ ನನಗೆ ಗೊತ್ತಾಗಲಿಲ್ಲ. ಅತ್ತೆ ಜಗಲಿಯ ಮೇಲೆ ಕುಸಿದು ಕೂತರು. "ನಾನು ಊರಿಗೆಲ್ಲ ಹೇಳ್ಕೊಂಬಂದೆ ಕಣೋ ಸಾಮಿ. ನನ್ ಮೊಮ್ಮಗ್ಳ ಕೈಗೆ ಅಂತಾನೇ ಒಂದು ಗಾಡಿ ಮಾಡವ್ರೆ ಅಂತ. ಒಂದ್ ಕೈ ಇರೋರ್ಗೂ ಯಾರೋ ಒಬ್ರು ಯೋಚ್ನೆ ಮಾಡವ್ರಲ್ಲ ಅಂತ ಎಷ್ಟ್ ಖುಷಿಯಾಗಿತ್ತು ಗೊತ್ತಾ?" ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಸಿಂಚನ ಹೋಗಿ ಪಕ್ಕದಲ್ಲಿ ಕೂತಳು. "ಬುಡಜ್ಜೀ, ಗಾಡಿ ಚೆನ್ನಾಗೈತೆ. ನಮ್ಗಲ್ಲ, ಅಷ್ಟೆ."

ನಾನು ನಾಚಿಕೆಯಿಂದ ಶಿವಣ್ಣನವರಿಗೆ ಕೈಮುಗಿದೆ. ಗಿರಾಕಿಗಳನ್ನು ತಪ್ಪಿಸಿದ್ದೆವು, ಈಗ ಕೊಳ್ಳುವುದೂ ಇಲ್ಲ. ಅವರು ಬೈದಿದ್ದರೂ ಕೇಳಿಸಿಕೊಂಡು ಬರಬೇಕಿತ್ತು. ಅವರು ಬೈಯಲಿಲ್ಲ. ಸಿಂಚನಳ ಕೈ ನೋಡಿದರು, ಅತ್ತೆಯ ಮುಖ ನೋಡಿದರು, ಗೇರಿನ ಕೋಲು ತಾವೇ ನೆಟ್ಟದ್ದೇನೋ ಎನ್ನುವಂತೆ ತಲೆ ತಗ್ಗಿಸಿ ನಿಂತರು. ಕಾಫಿ ತಂದ ಅವರ ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದರು. ಕೊನೆಗೆ, "ಎಲೆ ಅಡಿಕೆ ತಗೊಂಡಿದೀನಿ. ಅಜ್ಜಿ ಕೊಟ್ಟಿದ್ದು ಒಂದೇ ಕೈಲಿ ಓಡ್ಸೋ ಗಾಡಿಗೆ. ನಾನು ಒಪ್ಕೊಂಡಂಗೇ ಆಯ್ತಲ್ವಾ?" ಅಂದರು.

ನೀವೇ ಹೇಳಿ, ಇದಕ್ಕೆ ಯಾವ ಕಾಯಿದೆ ಇದೆ? ತಪ್ಪು ಕೇಳಿಸಿಕೊಂಡವರು ನಾವು. ಮಾತು ಉಳಿಸಿಕೊಳ್ಳಬೇಕೆಂದು ಒದ್ದಾಡುತ್ತಿದ್ದವರು ಅವರು.

ಅವರ ಹೆಂಡತಿ ಕಾಫಿ ಲೋಟ ನನ್ನ ಕೈಗಿತ್ತು, "ಸರೋಜಕ್ಕನ ಗಾಡಿಗೆ ಗೇರೇ ಇಲ್ವಲ್ರೀ" ಅಂದರು.

"ಅವ್ರು ಮಾರಲ್ಲ ಅಂದವ್ರೆ ಕಣೇ. ಹೋದ್ ವರ್ಷ ಯಾರೋ ಕೇಳಿದ್ದಕ್ಕೆ ಗೇಟಿಂದಾನೇ ಕಳ್ಸಿದ್ರಂತೆ."

"ಕೇಳಕ್ಕೇನು? ಫೋನ್ ಹಚ್ಚಿ."

ಶಿವಣ್ಣನವರು ಫೋನಿನಲ್ಲಿ ಬೇಡಿಕೊಂಡದ್ದು ಈಗಲೂ ಕಿವಿಯಲ್ಲಿದೆ. "ಅಕ್ಕಾ, ನಾನು ಎಲೆ ಅಡಿಕೆ ತಗೊಂಡ್ಬುಟ್ಟಿದೀನಿ, ನೀವೇ ನನ್ ಮರ್ಯಾದೆ ಉಳಿಸ್ಬೇಕು." ಆ ಕಡೆಯಿಂದ ಏನೋ ಜೋರುದನಿ. ಸರೋಜಕ್ಕ ಎಂದರೆ ಅವರ ಹೆಂಡತಿಯ ಅಕ್ಕ, ನಿವೃತ್ತ ಶಿಕ್ಷಕಿ, ಮಂಡಿ ಆಪರೇಷನ್ ಆದ ಮೇಲೆ ಕಾರು ಓಡಿಸುವುದನ್ನು ಬಿಟ್ಟಿದ್ದಾರೆ. ಮನೆ ಎಲ್ಲಿ ಎಂದು ಕೇಳಿದೆ. ಮರಳೂರು ಅಂದರು. ನಮ್ಮ ಮನೆಯಿಂದ ಎರಡು ಬೀದಿ ಆಚೆ! ದಿನಾ ಕಚೇರಿಗೆ ಹೋಗುವಾಗ ಕವರು ಹೊದ್ದು ನಿಂತ ಆ ಕಾರನ್ನು ದಾಟಿಯೇ ಹೋಗುತ್ತಿದ್ದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವಳ ಗಾದೆ ನನಗೆಂದೇ ಹುಟ್ಟಿದ್ದಿರಬೇಕು.

ಸರೋಜಾ ಟೀಚರು ಮಾರುತ್ತೇನೆ ಅನ್ನಲಿಲ್ಲ. "ಹುಡುಗಿ ಓಡ್ಸೋದನ್ನ ನೋಡ್ತೀನಿ, ಆಮೇಲೆ ಮಾತು" ಅಂದಿದ್ದರಂತೆ. ಮಾರನೆಯ ಸಂಜೆ ಹೋದೆವು. ಟೀಚರು ಊರುಗೋಲು ಹಿಡಿದು ಮುಂದಿನ ಸೀಟಿನಲ್ಲಿ ಕೂತರು, ನಾನೂ ಅತ್ತೆಯೂ ಹಿಂದೆ. ಶಿವಣ್ಣನವರು ಹಗಲೇ ಬಂದು ಬ್ಯಾಟರಿಗೆ ಜೀವ ಬರಿಸಿ ಹೋಗಿದ್ದರು. ಸಿಂಚನ ಎಡಗೈಯನ್ನು ಸ್ಟಿಯರಿಂಗಿನ ಕೆಳಭಾಗಕ್ಕೆ ಆನಿಸಿ, ಬಲಗೈಯಲ್ಲಿ ತಿರುಗಿಸುತ್ತ ಮರಳೂರು ಕೆರೆಯ ಕಡೆ ಹೊರಟಳು. ಎದುರಿಗೆ ಸ್ಕೂಟರು ನುಗ್ಗಿತು, ನಿಲ್ಲಿಸಿದಳು. ಏರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕಬೇಕಾಯಿತು. ಅದೂ ಎಡಗೈಯ ಕಡೆಗೇ ಇರುವ ವಸ್ತು, ನಾನು ಯೋಚಿಸಿಯೇ ಇರಲಿಲ್ಲ. ಅವಳು ಬಲಗೈಯನ್ನು ಮಡಿಲ ಮೇಲಿಂದ ದಾಟಿಸಿ, ಸ್ವಲ್ಪ ವಾಲಿ ಅದನ್ನು ಎಳೆದಳು. ಟೀಚರ ಕಣ್ಣು ಅಲ್ಲೇ ನೆಟ್ಟಿತ್ತು. ಇನ್ನು ಕಾರು ಕೊಡಲಾರರು, ಮುಗಿಯಿತು ಎಂದುಕೊಂಡೆ. ಅತ್ತೆ ನನ್ನ ಮೊಣಕೈ ಹಿಡಿದ ಜಾಗ ರಾತ್ರಿಯವರೆಗೂ ನೋಯುತ್ತಿತ್ತು.

"ಹಿಂದೆ ಕೂತಿರೋರು ಸ್ವಲ್ಪ ಉಸಿರಾಡಿ" ಅಂದರು ಟೀಚರು, ತಿರುಗದೆ. ಆಮೇಲೆ ಸಿಂಚನಳಿಗೆ, "ನೀನು ಬ್ರೇಕನ್ನ ಕ್ಷಮೆ ಕೇಳೋ ಥರ ಒತ್ತುತೀಯ. ಹಂಗೆ ಒತ್ಬೇಡ. ರಸ್ತೆ ನಿಂದೂ ಹೌದು. ಒತ್ತಿದ್ರೆ ಒತ್ತು."

"ಸರಿ ಮೇಡಂ."

ಇನ್ನೊಂದು ಸುತ್ತು ಹೋದೆವು. ಈ ಸಲ ಬ್ರೇಕು ಬಿದ್ದಾಗ ನಾನೂ ಅತ್ತೆಯೂ ಮುಂದಿನ ಸೀಟಿಗೆ ಹಣೆ ಹೊಡೆದುಕೊಂಡೆವು. ಟೀಚರು ಮೊದಲ ಬಾರಿಗೆ ನಕ್ಕರು. ಮನೆ ಮುಂದೆ ಗಾಡಿ ನಿಂತಾಗ ನನ್ನನ್ನಾಗಲಿ, ಬೆಲೆ ಕೇಳಲು ಬಾಯಿ ತೆರೆದಿದ್ದ ಅತ್ತೆಯನ್ನಾಗಲಿ ನೋಡಲಿಲ್ಲ. ಸಿಂಚನಳನ್ನೇ ಕೇಳಿದರು. "ಯಾವತ್ತು ತಗೊಂಡ್ಹೋಗ್ತೀಯಮ್ಮಾ?"

ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿ ತೋರಿಸಿದ್ದು ಆಮೇಲೆ. ಎಂಜಿನ್ ಚೆನ್ನಾಗಿದೆ, ನಿಂತು ನಿಂತು ಟೈರು ಗಟ್ಟಿಯಾಗಿವೆ, ಬ್ಯಾಟರಿ ಬದಲಿಸಬೇಕು ಅಂದ. ಟೀಚರು ಅದನ್ನು ಕೇಳಿ ತಾವಾಗಿಯೇ ಬೆಲೆ ಇಳಿಸಿದರು. ಚೌಕಾಸಿಗೆಂದೇ ನನ್ನ ಜೊತೆ ಬಂದಿದ್ದ ಯಜಮಾನರಿಗೆ 'ನೋಡೋಣ' ಅನ್ನುವ ಅವಕಾಶವೂ ಸಿಗಲಿಲ್ಲ. ಮನೆಯಲ್ಲೇ ಓದುವ ಕೋರ್ಸಿನ ಅರ್ಜಿಯ ಕೊನೆಯ ದಿನ ಸಿಂಚನ ತನ್ನ ಕಾರಿನಲ್ಲಿ ಕಾಲೇಜಿಗೆ ಹೋಗಿದ್ದಳು. ಅತ್ತೆಗಂತೂ ತಾವು ತಪ್ಪು ಕೇಳಿಸಿಕೊಂಡದ್ದು ನೆನಪೇ ಇಲ್ಲ. "ನಾನು ಮೊದ್ಲೇ ಹೇಳಿರ್ಲಿಲ್ವಾ ಒಂದೇ ಕೈಲಿ ಓಡ್ಸೋ ಗಾಡಿ ಅಂತ? ನೀವೇ ನಂಬ್ಲಿಲ್ಲ" ಎಂದು ಊರಲ್ಲಿ ಹೇಳಿಕೊಂಡು ತಿರುಗುತ್ತಾರೆ. ಕೊನೆಗೆ ಅವರು ಹೇಳಿದ ಹಾಗೇ ಆಗಿದೆಯಲ್ಲ.

ಮೂರು ವರ್ಷವಾಯಿತು. ಕೆಲವು ಉಪಕಾರಗಳಿಗೆ ಥ್ಯಾಂಕ್ಸ್ ಹೇಳಲು ಹೋದರೆ ಮಾತು ಚಿಕ್ಕದಾಗುತ್ತದೆ. ಶಿವಣ್ಣನವರ ಬಿಳಿ ಕಾರು ಆಮೇಲೆ ಎಷ್ಟೋ ದಿನ ಮಾರಾಟವಾಗದೆ ನಿಂತಿತ್ತು ಎಂದು ಬೇರೆಯವರಿಂದ ತಿಳಿಯಿತು, ಅವರು ಮಾತ್ರ ಆ ವಿಷಯವನ್ನೇ ಎತ್ತಲಿಲ್ಲ. ಪರಿಚಯವೇ ಇಲ್ಲದ ಜನ, ಒಬ್ಬ ಅಜ್ಜಿಯ ತಪ್ಪು ಮಾತನ್ನು ನಿಜ ಮಾಡಿಕೊಟ್ಟರು. ಅತ್ತೆಯ ಮೇಲೆ ನನಗೆ ಎಷ್ಟೋ ಸಣ್ಣಪುಟ್ಟ ದೂರುಗಳಿವೆ, ಅವರಿಗೂ ನನ್ನ ಮೇಲೆ ಇರಲೇಬೇಕು. ಆದರೆ ನಾನು ಅಂಗಡಿ ಅಂಗಡಿ ಅಲೆದು ಸೋತು ಕೂತಿದ್ದಾಗ, ಕಾಣದ ಕಾರಿಗೆ ವೀಳ್ಯ ಕೊಟ್ಟು ಕಳಿಸುವಷ್ಟು ನಂಬಿಕೆ ನಮ್ಮ ಮನೆಯಲ್ಲಿ ಉಳಿದಿದ್ದುದು ಅವರೊಬ್ಬರಲ್ಲೇ. ಆ ಋಣ ನನ್ನ ಮೇಲೆ ಇದೆ, ಇರಲಿ.

ಮೊನ್ನೆ ಅಂಗಡಿಯಿಂದ ಬಂದವಳೇ ಸಿಂಚನಳ ಜೊತೆ ಕೊತ್ತಗೆರೆಗೆ ಹೊರಟೆ. ಅವಳ ಪಕ್ಕ ಕೂತಾಗೆಲ್ಲ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತದೆ. ಇಷ್ಟು ವರ್ಷವಾದರೂ ಇಳಿಯುವ ಹೊತ್ತಿಗೆ ಮೀನಖಂಡ ಹಿಡಿದುಕೊಂಡಿರುತ್ತದೆ. ಹೆಬ್ಬೂರು ದಾಟಿದ್ದು ನೆನಪಿದೆ, ರಾಗಿ ಹೊಲದ ಮೇಲಿಂದ ತಣ್ಣನೆ ಗಾಳಿ ಬರುತ್ತಿತ್ತು. ಆಮೇಲೆ ನೆನಪಿಲ್ಲ.

ಎಚ್ಚರವಾದಾಗ ಗಾಡಿ ನಿಂತಿತ್ತು, ಎಂಜಿನ್ ಸದ್ದಿರಲಿಲ್ಲ. ಕಣ್ಣು ಬಿಡುವ ಮೊದಲೇ ಕೊಟ್ಟಿಗೆಯ ವಾಸನೆಯಿಂದ ಅತ್ತೆಯ ಅಂಗಳ ಎಂದು ಗೊತ್ತಾಯಿತು. ಬಂದು ಎಷ್ಟು ಹೊತ್ತಾಗಿತ್ತೋ. ಸಿಂಚನ ಇಳಿಯದೆ ಪಕ್ಕದಲ್ಲೇ ಕೂತಿದ್ದಳು. ಕಿಟಕಿಯ ಆಚೆ ಅತ್ತೆಯ ದನಿ, ಅವರ ಮಟ್ಟಿಗೆ ಪಿಸುಮಾತು, ಬೇರೆಯವರ ಮಟ್ಟಿಗೆ ಮಾಮೂಲು ಮಾತು.

"ಯಾಕೆ ಮಗಾ, ಇಳಿಯಲ್ವಾ?"

"ಅಮ್ಮ ನಿದ್ದೆ ಮಾಡ್ತಾವ್ಳೆ ಅಜ್ಜಿ. ಎಬ್ಬಿಸ್ಲಾ?"

"ಬ್ಯಾಡ, ಮಲಗ್ಲಿ ಬುಡು. ನೀನ್ ಹುಟ್ಟಿದಾಗಿಂದ ಅವ್ಳು ನೆಟ್ಟಗೆ ನಿದ್ದೆ ಮಾಡಿಲ್ಲ."

ಮಗಳು ಕಾರು ಓಡಿಸುತ್ತಿದ್ದಾಗ ನಾನು ನಿದ್ದೆ ಹೋಗಿದ್ದೆ. ಬಲಗಾಲು ಸಡಿಲವಾಗಿ ಚಾಚಿಕೊಂಡಿತ್ತು. ಕಣ್ಣು ಒದ್ದೆಯಾಗುತ್ತಿತ್ತು, ಆದರೆ ತೆರೆಯಲಿಲ್ಲ. ಅವರಿಬ್ಬರೂ ಸದ್ದಿಲ್ಲದೆ ಕಾಯುತ್ತಿದ್ದರು, ನಾನು ಇನ್ನೂ ಸ್ವಲ್ಪ ಹೊತ್ತು ಹಾಗೇ ಮಲಗಿದೆ.